ಲ್ಯಾಪ್‌ಟಾಪಿಗೆ ಓದಲು ಬಾರದ ಕನ್ನಡ ಪಠ್ಯ

ಮಾನ್ಯರೇ,

ಅಂಧ ವಿದ್ಯಾರ್ಥಿಗಳಿಗೆ ‘ಮಾತಾಡುವ ಲ್ಯಾಪ್‌ಟಾಪ್’ ವಿತರಿಸಿದ ಸುದ್ದಿ, ಚಿತ್ರ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಅದೇ ಲ್ಯಾಪ್‌ಟಾಪಿನಲ್ಲಿ ಕನ್ನಡ ಪಠ್ಯದ ಪಿಡಿಎಫ್ ತೆರೆದರೆ ಏನು ಕೇಳಿಸುತ್ತದೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಪುಸ್ತಕವನ್ನು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಅಚ್ಚಿಗೆ ಸಿದ್ಧಮಾಡಿದ್ದರೆ ‘ಕನ್ನಡ’ ಎಂಬ ಪದವೇ ಯಂತ್ರಕ್ಕೆ ಕನ್ನಡವಾಗಿ ಸಿಗುವುದಿಲ್ಲ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಕಡತದೊಳಗೆ ಇರುವುದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯದೊಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಓದುವುದು ಈ ಏಳನ್ನೇ. ತಪ್ಪು ಅದರದಲ್ಲ.

ನಿಮ್ಮ ಕೈಯಲ್ಲಿರುವ ಪಿಡಿಎಫ್ ಯಾವ ಬಗೆಯದೆಂದು ತಿಳಿಯಲು ಅರ್ಧ ನಿಮಿಷ ಸಾಕು. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆ. ಪೌಂಡ್ ಚಿಹ್ನೆಗಳ ಸಂತೆ ಬಂದರೆ ಹಳೆಯ ಫಾಂಟ್. ಸಾಲನ್ನು ಆಯ್ಕೆ ಮಾಡಲಿಕ್ಕೇ ಆಗದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ. (ಪತ್ರಿಕೆಗಳ ಇ-ಪೇಪರನ್ನೂ ಹೀಗೆ ಪರೀಕ್ಷಿಸಬಹುದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 42 ಮುದ್ರಣ ಮಾಧ್ಯಮವನ್ನೂ ಒಳಗೊಳ್ಳುತ್ತದೆ.)

‘ಕನ್ವರ್ಟರ್ ಇದೆಯಲ್ಲ, ಹಾಕಿದರಾಯಿತು’ ಎನ್ನುವವರಿದ್ದಾರೆ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್ ಮಾಡುವ ಕನ್ವರ್ಟರ್ ಇದೆ, ನಿಜ. ಆದರೆ ಪಿಡಿಎಫ್‌ನಿಂದ ಕಾಪಿ ಮಾಡಿದ ಪಠ್ಯವನ್ನು ಅದಕ್ಕೆ ಸುರಿದರೆ ಮೊದಲು ಕೆಡುವುದು ಅರ್ಕಾವತ್ತು. ಉಚ್ಚಾರದಲ್ಲಿ ಮೊದಲು ಬರುವ ‘ರ್’ ಬರವಣಿಗೆಯಲ್ಲಿ ಮುಂದಿನ ಅಕ್ಷರದ ಬಲಕ್ಕೆ ಕೂರುತ್ತದೆ. ಹಳೆಯ ಫಾಂಟ್ ಕಣ್ಣಿಗೆ ಕಂಡ ಕ್ರಮದಲ್ಲೇ ಅದನ್ನು ದಾಖಲಿಸುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ಈ ಅದಲುಬದಲನ್ನು ಸರಿಯಾಗಿ ಮಾಡದ ಕನ್ವರ್ಟರ್ ‘ಸೂರ್ಯ’ವನ್ನು ‘ಸೂಯರ್’ ಮಾಡುತ್ತದೆ, ‘ಕಾರ್ಯ’ವನ್ನು ‘ಕಾಯರ್’. ಪದದ ಕೊನೆಯ ‘ರ್’ಗಳನ್ನೆಲ್ಲ ಒಟ್ಟಿಗೆ ತಿದ್ದಿಬಿಡೋಣವೆಂದರೆ ಡಾಕ್ಟರ್, ಮೀಟರ್, ಲೀಟರ್‌ಗಳು ಹಾಳಾಗುತ್ತವೆ. ಎರಡನೆಯದು ವಿಜ್ಞಾನ, ಗಣಿತ ಪುಸ್ತಕಗಳ ಗೋಳು. ಹಳೆಯ ಫಾಂಟ್ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸುವುದರಿಂದ, ಯಾವ ಪದ ಯಾವ ಫಾಂಟ್‌ನಲ್ಲಿತ್ತು ಎಂಬ ಮಾಹಿತಿ ಕಳೆದುಹೋದರೆ ಪಾಠದ ನಡುವಿನ ರಾಸಾಯನಿಕ ಸೂತ್ರಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಹಾಗಾಗಿ ಪರಿವರ್ತನೆಯನ್ನು ಪಿಡಿಎಫ್‌ನಿಂದ ಮಾಡಬಾರದು. ಪುಟವಿನ್ಯಾಸದ ಮೂಲ ಕಡತದಿಂದ, ಹಳೆಯ ಕನ್ನಡ ಫಾಂಟ್‌ನಲ್ಲಿರುವ ಭಾಗಗಳನ್ನಷ್ಟೇ ಆರಿಸಿ ಮಾಡಬೇಕು. ಆಮೇಲೆ ಕನ್ನಡ ಬಲ್ಲವರೊಬ್ಬರು ಕೂತು ಕರಡು ತಿದ್ದಲೇಬೇಕು. ಶೀರ್ಷಿಕೆಗಳನ್ನು ಬರೀ ದಪ್ಪಕ್ಷರ ಮಾಡದೆ ಹೆಡಿಂಗ್ ಎಂದೇ ಗುರುತಿಸಿದರೆ ಮಗು ಪಾಠದಿಂದ ಪಾಠಕ್ಕೆ ಜಿಗಿಯಬಹುದು. ಮುದ್ರಿತ ಪುಸ್ತಕದ ಪುಟಸಂಖ್ಯೆಯೂ ಉಳಿಯಲಿ, ಮೇಷ್ಟ್ರು ‘42ನೇ ಪುಟ ತೆಗೀರಿ’ ಎಂದಾಗ ಬೇಕಾಗುತ್ತದೆ.

ಇದು ಕಿವಿಯಲ್ಲಿ ಕೇಳುವವರ ಸಮಸ್ಯೆ ಮಾತ್ರವಲ್ಲ. ಕೇಳಿ ಕಲಿತ ಮಗುವಿಗೆ ‘ಶ’, ‘ಷ’ಗಳ ವ್ಯತ್ಯಾಸ ತಿಳಿಯುವುದಿಲ್ಲ, ಕಾಗುಣಿತ ಬರಬೇಕಾದರೆ ಬ್ರೈಲ್ ಬೇಕೇ ಬೇಕು. ಉಚಿತವಾಗಿ ಸಿಗುವ ಲಿಬ್‌ಲೂಯಿಸ್ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಬ್ರೈಲ್ ಮಾಡಿಕೊಡುತ್ತದೆ. ಆದರೆ ಒಳಗೆ ‘ಸೂಯರ್’ ಹೋದರೆ ಬೆರಳಿಗೆ ಸಿಗುವುದೂ ‘ಸೂಯರ್’. ಇನ್ನೊಂದು ವಿಷಯ ಉಪಕರಣ ಕೊಳ್ಳುವವರ ಗಮನಕ್ಕೆ: ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರ ಬಂದಾಗ ವ್ಯಂಜನಗಳ ಮುಂಚೆ 4ನೇ ಚುಕ್ಕಿಯ ಒಂದು ಮನೆ (ಆರು ಚುಕ್ಕಿಗಳ ಒಂದು ಬ್ರೈಲ್ ಸ್ಥಾನ) ಬೇಕು, ಗುಣಿತದ ಸ್ವರಕ್ಕೂ ಪ್ರತ್ಯೇಕ ಮನೆ ಬೇಕು. ‘ವಿದ್ಯಾರ್ಥಿ’ ಎಂಬೊಂದು ಪದಕ್ಕೇ 10 ಮನೆ. ಪಠ್ಯವನ್ನು ಬೆರಳಿಗೆ ಚುಕ್ಕಿಗಳಾಗಿ ಎಬ್ಬಿಸಿ ತೋರಿಸುವ, 20 ಮನೆಗಳ ಬ್ರೈಲ್ ಡಿಸ್‌ಪ್ಲೇಯಲ್ಲಿ ಜಾಗ ಬಿಟ್ಟು ಅದನ್ನು ಎರಡು ಸಲ ಬರೆಯಲಾಗದು. ಇಂಗ್ಲಿಷಿಗೆ ಸಾಕಾಗುವ ಅಗಲ ಕನ್ನಡಕ್ಕೆ ಇಕ್ಕಟ್ಟು.

ಮಂದದೃಷ್ಟಿಯ ಮಕ್ಕಳಿಗೆ, ಓದುವ ತೊಡಕಿರುವ ಡಿಸ್‌ಲೆಕ್ಸಿಯಾ ಮಕ್ಕಳಿಗೆ ಬೇಕಾದ್ದೂ ಇದೇ ಯೂನಿಕೋಡ್ ಕಡತ. ಪಿಡಿಎಫ್ ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಇ-ಪುಸ್ತಕದ ರೂಪವಾದ ಇ-ಪಬ್ ಆದರೆ ಸಾಲು ತಾನೇ ಮುರಿದುಕೊಳ್ಳುತ್ತದೆ, ಸಾಲಿನ ಅಂತರವನ್ನೂ ಹೆಚ್ಚಿಸಬಹುದು. ಕನ್ನಡಕ್ಕೆ ಈ ಅಂತರ ದೊಡ್ಡ ವಿಷಯ: ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗಿ, ಯಾವುದು ಯಾವ ಅಕ್ಷರದ್ದೆಂದು ಮಗು ತಡಕಾಡುತ್ತದೆ.

ಬರೆಯುವುದಕ್ಕೂ ಒಂದು ಮಾತು. ನುಡಿಯ ಕೀಲಿಮಣೆ ವಿನ್ಯಾಸದಲ್ಲಿ ಒತ್ತು ಕೊಡುವ ಕೀಲಿ ‘ಎಫ್’. ಸಾಮಾನ್ಯ ಕೀಲಿಮಣೆಗಳಲ್ಲಿ ಬೆರಳಿಗೆ ಗುರುತು ಸಿಗಲೆಂದು ಉಬ್ಬುಗೀಟು ಇರುವ ಎರಡು ಕೀಲಿಗಳಲ್ಲಿ ಅದೂ ಒಂದು (ಇನ್ನೊಂದು ‘ಜೆ’). ಅಂಧ ಮಗುವಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ತಂತ್ರಾಂಶವನ್ನು ಆಸ್ಕಿಯಲ್ಲಿ ಬಿಟ್ಟು ಮಗುವಿನ ಕೈಗೆ ಕೊಟ್ಟರೆ ಮಾತ್ರ ತಾನು ಟೈಪ್ ಮಾಡಿದ್ದು ತನಗೇ ಇಂಗ್ಲಿಷ್ ಗೊಣಗಾಟವಾಗಿ ಕೇಳಿಸುತ್ತದೆ. ಲ್ಯಾಪ್‌ಟಾಪ್ ಹಂಚುವ ಮೊದಲು ಅದನ್ನು ಯೂನಿಕೋಡ್‌ಗೆ ಹೊಂದಿಸಿ, ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎಯಲ್ಲಿ ಕನ್ನಡ ಧ್ವನಿ ಆರಿಸಿ ಕೊಡುವುದು ಹತ್ತು ನಿಮಿಷದ ಕೆಲಸ.

ಕಾನೂನಿನ ತೊಡಕೂ ಇಲ್ಲ. ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಿಸಲು 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. 2016ರ ಕಾಯ್ದೆಯ ಸೆಕ್ಷನ್ 17 ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ ಮತ್ತು ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಲು ಹೇಳುತ್ತದೆ. ಶಿಕ್ಷಣ ಇಲಾಖೆ ಮಾಡಬೇಕಾದ್ದು ಇಷ್ಟೇ: ಪಠ್ಯಪುಸ್ತಕದ ಡಿಟಿಪಿ, ಮುದ್ರಣದ ಟೆಂಡರ್‌ಗೆ ಒಂದು ಷರತ್ತು ಸೇರಿಸಲಿ. ಅಚ್ಚಿನ ಪಿಡಿಎಫ್ ಜೊತೆಗೆ ಕರಡು ತಿದ್ದಿದ ಯೂನಿಕೋಡ್ ಇ-ಪಬ್ ಕಡತವನ್ನೂ ಒಪ್ಪಿಸಬೇಕು, ಒಪ್ಪಿಸುವವರೆಗೆ ಬಿಲ್ ಪಾವತಿಸಬಾರದು. ಕಡತ ಶಾಲೆ ಶುರುವಾಗುವ ಮೊದಲೇ ಪಿಡಿಎಫ್ ಇರುವ ಜಾಲತಾಣದಲ್ಲಿ, ಅದರ ಪಕ್ಕದಲ್ಲೇ ಸಿಗುವಂತಾಗಲಿ.

– ವಿಶೇಷ ಶಿಕ್ಷಕರು, ಮೈಸೂರು