‘ಕೇವಲ’ ಎಂಬ ಪದದ ಬಗ್ಗೆ ಒಂದು ತಕರಾರು

ಮಾನ್ಯ ಸಂಪಾದಕರೇ,

ಭೌತಜಗತ್ತಿನ ನಿಯಮಗಳೆಲ್ಲವೂ ಕೇವಲ ಮಾಹಿತಿ ಮತ್ತು ಸಂಭವನೀಯತೆಯಿಂದ ತಾವಾಗಿಯೇ ಒಡಮೂಡುತ್ತವೆ ಎಂಬ ವಾದ ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ನನ್ನ ತಕರಾರಿರುವುದು ಅಲ್ಲಿನ ‘ಕೇವಲ’ ಎಂಬ ಒಂದೇ ಪದದ ಬಗ್ಗೆ.

ವಾದದಲ್ಲಿ ಹುರುಳಿಲ್ಲವೆಂದಲ್ಲ. ಸಂದೇಶದಲ್ಲಿರುವ ಅನಿಶ್ಚಿತತೆಯನ್ನು ಅಳೆಯಲು ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರವನ್ನು ಹಿಡಿದು ಹೊರಟ ಭೌತವಿಜ್ಞಾನಿ ಇ. ಟಿ. ಜೇನ್ಸ್, ಅನಿಲವೊಂದರ ಸರಾಸರಿ ಶಕ್ತಿಯ ಹೊರತು ಬೇರೇನೂ ತಿಳಿದಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಲೆಕ್ಕ ಮಾಡಿದರೆ ಬೋಲ್ಟ್ಸ್‌ಮನ್ ಕಂಡಿದ್ದ ಹಂಚಿಕೆಯೇ (ಎಷ್ಟು ಶಕ್ತಿಯ ಸ್ಥಿತಿ ಎಷ್ಟು ಸಂಭವನೀಯ ಎಂಬ ಲೆಕ್ಕ) ಸಿಗುತ್ತದೆಂದು 1957ರಲ್ಲಿ ತೋರಿಸಿದರು. ಮೊದಲ ಓದಿಗೆ ಇದು ಕಣ್ಕಟ್ಟಿನಂತೆಯೇ ಕಾಣುತ್ತದೆ. ಆದರೆ ಶಕ್ತಿ ಎಂದರೇನು, ಅದು ನಾಶವಾಗದೆ ಉಳಿಯುವುದೇಕೆ, ಯಾವ ಸ್ಥಿತಿಗಳನ್ನು ಸಮಾನ ಸಂಭವವೆಂದು ಎಣಿಸಿ ಸಮಾನ ತೂಕ ಕೊಡಬೇಕು ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಅವೆಲ್ಲ ಬಲವಿಜ್ಞಾನದಿಂದ ತಂದ ಕಡ.

ಈ ಸಮಾನ ತೂಕದ ತೊಡಕನ್ನು ಜೋಸೆಫ್ ಬರ್ಟ್ರಾಂಡ್ 1889ರಲ್ಲೇ ಎತ್ತಿದ್ದರು, ಅದಕ್ಕೆ ಶಾಲೆಯ ರೇಖಾಗಣಿತವೇ ಸಾಕು. ವೃತ್ತದಲ್ಲಿ ಮನಬಂದಂತೆ ಎಳೆದ ಜ್ಯಾ, ಅದೇ ವೃತ್ತದೊಳಗೆ ರಚಿಸಿದ ಸಮಬಾಹು ತ್ರಿಭುಜದ ಬಾಹುವಿಗಿಂತ ಉದ್ದವಾಗಿರುವ ಸಂಭವ ಎಷ್ಟು? ಜ್ಯಾದ ಎರಡು ತುದಿಗಳನ್ನು ಪರಿಧಿಯ ಮೇಲೆ ಆರಿಸಿದರೆ 1/3, ಅದರ ಮಧ್ಯಬಿಂದುವನ್ನು ತ್ರಿಜ್ಯವೊಂದರ ಮೇಲೆ ಆರಿಸಿದರೆ 1/2, ವೃತ್ತದೊಳಗೆ ಎಲ್ಲಿಯಾದರೂ ಆರಿಸಿದರೆ 1/4. ‘ಮನಬಂದಂತೆ’ ಎಂಬುದಕ್ಕೆ ತನ್ನಷ್ಟಕ್ಕೆ ಅರ್ಥವೇ ಇಲ್ಲ. ಸ್ವತಃ ಜೇನ್ಸ್ ಅವರೂ 1973ರಲ್ಲಿ 1/2 ಎಂಬ ಉತ್ತರವನ್ನು ಸಮರ್ಥಿಸಲು, ವೃತ್ತದ ಸ್ಥಾನವೋ ಗಾತ್ರವೋ ಬದಲಾದರೂ ಉತ್ತರ ಬದಲಾಗಬಾರದೆಂಬ ಸಮಮಿತಿಯ ಷರತ್ತನ್ನು ಹೊರಗಿನಿಂದ ತರಬೇಕಾಯಿತು. ಭೌತವಿಜ್ಞಾನದಲ್ಲಿ ಸಮಮಿತಿಯೆಂದರೆ ಮುಕ್ಕಾಲು ಪಾಲು ನಿಯಮವೇ ಅಲ್ಲವೇ?

ಟೆಡ್ ಜೇಕಬ್‌ಸನ್ 1995ರಲ್ಲಿ ಐನ್‌ಸ್ಟೈನರ ಗುರುತ್ವ ಸಮೀಕರಣವನ್ನೇ ಎಂಟ್ರೊಪಿಯಿಂದ (ವ್ಯವಸ್ಥೆಯೊಂದರ ಒಳಸ್ಥಿತಿಯ ಬಗೆಗಿನ ಅನಿಶ್ಚಿತತೆಯ ಅಳತೆಯಿಂದ) ಹೊರತೆಗೆದದ್ದು ಇದಕ್ಕಿಂತ ಆಳವಾದ ಸಾಧನೆಯೆಂದು ಒಪ್ಪುತ್ತೇನೆ. ಅಲ್ಲಿಯೂ ಎಂಟ್ರೊಪಿ ದಿಗಂತದ (ಆಚೆಯಿಂದ ಬೆಳಕೂ ವೀಕ್ಷಕನನ್ನು ತಲುಪಲಾರದ ಗಡಿಯ) ವಿಸ್ತೀರ್ಣಕ್ಕೆ ಅನುಪಾತದಲ್ಲಿದೆ ಎಂಬುದನ್ನೂ, ವೇಗೋತ್ಕರ್ಷದಲ್ಲಿರುವ ವೀಕ್ಷಕನಿಗೆ ನಿರ್ವಾತವೇ ಬೆಚ್ಚಗೆ ತೋರುತ್ತದೆಂಬ ಅನ್‌ರೂ ಫಲಿತಾಂಶವನ್ನೂ ಮೊದಲೇ ಒಪ್ಪಿಕೊಂಡಿರಬೇಕು. ಈ ಎರಡನೆಯದನ್ನು ಕೊಟ್ಟದ್ದು ಕ್ವಾಂಟಂ ಕ್ಷೇತ್ರ ಸಿದ್ಧಾಂತ, ಬರಿಯ ಮಾಹಿತಿಯಲ್ಲ.

ಇನ್ನು ಮಾಹಿತಿಯೇ ವಸ್ತುವಿಗೆ ಮೂಲವೆನ್ನುವವರಿಗೆ ರಾಲ್ಫ್ ಲ್ಯಾಂಡವರ್ 1961ರಲ್ಲಿ ಕಂಡುಕೊಂಡದ್ದನ್ನು ನೆನಪಿಸಬೇಕು: ಒಂದು ಬಿಟ್ (ಹೌದು ಅಥವಾ ಇಲ್ಲ ಎಂಬಷ್ಟು) ಮಾಹಿತಿಯನ್ನು ಅಳಿಸಿದರೆ ಒಂದು ಕನಿಷ್ಠ ಪ್ರಮಾಣದ ಶಾಖ ಹೊರಬೀಳಲೇಬೇಕು, ಆ ಪ್ರಮಾಣ ಸುತ್ತಲಿನ ತಾಪಮಾನಕ್ಕೆ ಅನುಪಾತದಲ್ಲಿರುತ್ತದೆ. ಆ ತಾಪಮಾನ ಎಲ್ಲಿಂದ ಬಂತೆಂಬುದನ್ನೂ ಮಾಹಿತಿಯೇ ಮೂಲವೆನ್ನುವವರು ಬಿಟ್‌ಗಳಿಂದಲೇ ವಿವರಿಸಲಿ.

ಇಂತಿ,
ಒಬ್ಬ ಓದುಗ