ಗೊಂಬೆ ಮೊದಲೋ, ಕಥೆ ಮೊದಲೋ

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ದೀಪಾವಳಿಗೆ ಮೊದಲು ನಿಮ್ಮ ಕೈ ಸೇರಬೇಕಾದರೆ ಇವತ್ತು ರಾತ್ರಿಯೇ ಪುಟಗಳು ಮುಗಿಯಬೇಕು. ಎಲ್ಲ ಆಯಿತು, ಸಂಪಾದಕೀಯದ ಜಾಗ ಮಾತ್ರ ಖಾಲಿ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ತಲೆಯೊಳಗೆ ಓಡುತ್ತಿರುವುದು ಕೆಂಪು-ನೀಲಿ ಬಣ್ಣದ ಒಂದು ಲಾರಿ.

ನವರಾತ್ರಿಯ ಗೊಂಬೆ ನೋಡಲು ಬಂದವರಿಗೆ ನೆನಪಿರಬಹುದು. ನಮ್ಮ ಕನ್ನಡ ತರಗತಿಯ ಹುಡುಗನೊಬ್ಬ ತನ್ನ ಆಪ್ಟಿಮಸ್ ಪ್ರೈಮ್‌ನನ್ನು (ಲಾರಿಯಾಗಿ ಬದಲಾಗುವ ಟ್ರಾನ್ಸ್‌ಫಾರ್ಮರ್ಸ್ ರೋಬೋ ಗೊಂಬೆ) ತಂದು ಸೀದಾ ಪಟ್ಟದ ಗೊಂಬೆಗಳ ಪಕ್ಕ ನಿಲ್ಲಿಸಿಬಿಟ್ಟಿದ್ದ. ಹಿರಿಯರೊಬ್ಬರು ಮೆಲ್ಲಗೆ ಎತ್ತಿ ಕೆಳಗಿನ ಪಾರ್ಕಿನಲ್ಲಿ, ಪ್ಲಾಸ್ಟಿಕ್ ಜಿರಾಫೆಯ ಹತ್ತಿರ ಇಟ್ಟರು. ಹುಡುಗ ಬಿಡಲಿಲ್ಲ. “ತಾತ, ಇವನೂ ರಾಜಾನೇ. ಯುದ್ಧ ಮಾಡಿದಾನೆ, ಸತ್ತು ವಾಪಸ್ ಬಂದಿದಾನೆ. ಮೇಲೆ ಯಾಕೆ ಇಡಬಾರದು?” ತಾತ ನಕ್ಕರು. “ಅದು ಮಾರೋಕೆ ಅಂತ ಮಾಡಿರೋ ಗೊಂಬೆ ಕಣೋ. ಇವಕ್ಕೆಲ್ಲ ಕಥೆ ಇದೆ.”

ಆಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂಸ್ಕೃತಿಯ ಬಗ್ಗೆ ಏನೇನು ಹರಿದಾಡಿತು ಅನ್ನುವುದು ಇಲ್ಲಿ ಬೇಡ. ನಾನು ಹುಡುಗನ ಪಕ್ಷ ಅಂತ ಮೊದಲೇ ಹೇಳಿಬಿಡುತ್ತೇನೆ.

ತಾತ ಹೇಳಿದ್ದು ಸುಳ್ಳಲ್ಲ. ಆ ಲಾರಿಗೆ ಮೊದಲು ಕಥೆ ಇರಲಿಲ್ಲ. ಜಪಾನಿನ ತಕಾರಾ ಕಂಪನಿಯ ಡಯಾಕ್ಲೋನ್ ಆಟಿಕೆಗಳಲ್ಲಿ ಅದು ಬರೀ ಯಂತ್ರ. ಒಳಗೆ ಕೂರಿಸಿ ಓಡಿಸಲು ಪುಟಾಣಿ ಮನುಷ್ಯನೊಬ್ಬ ಬರುತ್ತಿದ್ದ. ಹ್ಯಾಸ್ಬ್ರೋ ಕಂಪನಿ 1984ರಲ್ಲಿ ಆ ಆಟಿಕೆಗಳನ್ನು ಅಮೆರಿಕಕ್ಕೆ ತರುವಾಗ ಕಥೆ ಕಟ್ಟುವ ಕೆಲಸವನ್ನು ಮಾರ್ವೆಲ್ ಕಾಮಿಕ್ಸ್‌ಗೆ ವಹಿಸಿತು. ಅವರು ಆ ಚಾಲಕನನ್ನು ಇಳಿಸಿ ಯಂತ್ರಕ್ಕೇ ಪ್ರಾಣಪ್ರತಿಷ್ಠೆ ಮಾಡಿದರು. ಬಾಬ್ ಬುಡಿಯಾನ್ಸ್ಕಿ ಎಂಬ ಸಂಪಾದಕ ಗಡುವಿನ ಒತ್ತಡದಲ್ಲಿ ಕೂತು, ಬಹುಪಾಲು ಗೊಂಬೆಗಳಿಗೆ ಹೆಸರು, ಗುಣ, ಒಂದೊಂದು ದೌರ್ಬಲ್ಯ ಎಲ್ಲವನ್ನೂ ಬರೆದುಕೊಟ್ಟ. (ಸಂಪಾದಕರ ಪಾಡು ಎಲ್ಲ ಕಡೆಯೂ ಒಂದೇ.) ಬರೆಸಿದ್ದು ಡಬ್ಬಿ ಖರ್ಚಾಗಲಿ ಅಂತ, ಅನುಮಾನವೇ ಇಲ್ಲ. ಆದರೆ ಎರಡೇ ವರ್ಷಕ್ಕೆ ಏನಾಯಿತು ನೋಡಿ. ಹೊಸ ಗೊಂಬೆಗಳಿಗೆ ಜಾಗ ಮಾಡಿಕೊಡಲು 1986ರ ಸಿನಿಮಾದಲ್ಲಿ ಆಪ್ಟಿಮಸ್ ಪ್ರೈಮ್‌ನನ್ನು ಸಾಯಿಸಿದರು. ಥಿಯೇಟರಿನಲ್ಲಿ ಮಕ್ಕಳು ಗೊಳೋ ಅಂತ ಅತ್ತರು. ಕಂಪನಿಯವರಿಗೆ ಅದು ಹಳೇ ಸರಕು, ಮಕ್ಕಳಿಗೆ ಮನೆಯ ಸಾವು. ಕೊನೆಗೆ 1987ರಲ್ಲಿ ಟೀವಿಯಲ್ಲಿ ಅವನನ್ನು ಬದುಕಿಸಬೇಕಾಯಿತು. ಹುಡುಗ ಹೇಳಿದ “ಸತ್ತು ವಾಪಸ್” ಇದೇ.

ನನ್ನ ಕಾಲದಲ್ಲಿ ಈ ಜಾಗದಲ್ಲಿ ಇದ್ದವನು ಕಾರ್ಟೂನಿನ ಕತ್ತಿವೀರ ಹೀ-ಮ್ಯಾನ್. ತಿಪಟೂರಿನಲ್ಲಿ ನಮ್ಮ ಬೀದಿಗೆ ಆಗ ಇದ್ದದ್ದು ಒಂದೇ ಟೀವಿ, ಬ್ಯಾಂಕ್ ಮ್ಯಾನೇಜರ್ ಮನೆಯಲ್ಲಿ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ರೆಡಾಕ್ಸೈಡ್ ನೆಲದ ಮೇಲೆ ನಾವು, ಕಿಟಕಿಯ ಸರಳಿಗೆ ಇನ್ನಷ್ಟು ಜನ. ಮ್ಯಾನೇಜರ್ ಮಗನಿಗೆ ಆಂಟೆನಾ ತಿರುಗಿಸಲು ಮಾಳಿಗೆ ಹತ್ತುವ ಅಧಿಕಾರ ಇತ್ತು, ಅದಕ್ಕೇ ಅವನ ಜತೆ ಯಾರೂ ಜಗಳ ಆಡುತ್ತಿರಲಿಲ್ಲ. ಹೀ-ಮ್ಯಾನ್ ಕತ್ತಿ ಎತ್ತಿ ಕೂಗಿದಾಗ ನಾವೂ ಕೂಗುತ್ತಿದ್ದೆವು. ಏನು ಕೂಗುತ್ತಿದ್ದೆವೋ ದೇವರಿಗೇ ಗೊತ್ತು, ಅದರ ಮಾತು ನಮ್ಮಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಪ್ರತಿ ಕಂತಿನ ಕೊನೆಗೆ ಒಂದು ನೀತಿಪಾಠ ಇರುತ್ತಿತ್ತಂತೆ. ಭಾಷೆ ಬಾರದ ಪುಣ್ಯ, ನಾವು ಅದರಿಂದ ತಪ್ಪಿಸಿಕೊಂಡೆವು. ಕಥೆ ಅರ್ಥವಾಗದಿದ್ದುದಕ್ಕೆ ಹೊರಗೆ ಬಂದು ಜಗಲಿ ಮೇಲೆ ನಾವೇ ಕಥೆ ಕಟ್ಟುತ್ತಿದ್ದೆವು. ಅದರಲ್ಲಿ ಹೀ-ಮ್ಯಾನ್‌ನ ವೈರಿ, ತಲೆಬುರುಡೆ ಮುಖದ ಸ್ಕೆಲಟಾರ್ ನಮ್ಮೂರಿನ ತೆಂಗಿನಕಾಯಿ ಮಂಡಿಯವನ ಹಾಗೆ ಬೈಯುತ್ತಿದ್ದ.

ಒಂದು ಬೇಸಿಗೆ ರಜೆಗೆ ಮುಂಬಯಿಯಿಂದ ಚಿಕ್ಕಪ್ಪನ ಮಗ ಸ್ಕೆಲಟಾರ್ ಗೊಂಬೆ ತಂದ. ಮೈ ನೀಲಿ! ತಲೆಯ ಮೇಲೆ ನೇರಳೆ ಬಣ್ಣದ ಮುಸುಕು! ಕಪ್ಪು ಬಿಳುಪು ಟೀವಿಯಲ್ಲಿ ಅವನನ್ನು ಅಷ್ಟು ಸಲ ನೋಡಿದ್ದರೂ ನಮ್ಮ ಪಾಲಿಗೆ ಅವನು ಬೂದು ಬಣ್ಣದವನೇ. ಸೊಂಟ ತಿರುಗಿಸಿ ಬಿಟ್ಟರೆ ಒಳಗಿನ ಸ್ಪ್ರಿಂಗಿಗೆ ಪಟ್ಟನೆ ತಿರುಗಿ ಹೊಡೆಯುತ್ತಿದ್ದ. ಸರದಿಯ ಮೇಲೆ ಮುಟ್ಟಬೇಕಿತ್ತು. ನನ್ನ ಸರದಿ ಬರುವಷ್ಟರಲ್ಲಿ ಅಜ್ಜಿ ಊಟಕ್ಕೆ ಕರೆದಿದ್ದರು.

ಇಲ್ಲಿಗೆ ಬಂದ ಮೇಲೆ ಗ್ಯಾರೇಜ್ ಸೇಲ್‌ಗಳಲ್ಲಿ ಆ ಗೊಂಬೆಗಳನ್ನು ಹುಡುಕಿ ತಂದಿಟ್ಟುಕೊಂಡಿದ್ದೇನೆ. ನನ್ನ ಹೆಂಡತಿಯ ಅಭಿಪ್ರಾಯ ಇಲ್ಲಿ ಅಚ್ಚು ಮಾಡುವಂಥದ್ದಲ್ಲ. ಹೀ-ಮ್ಯಾನ್‌ನದೂ ಅದೇ ಜಾತಕ: ಮ್ಯಾಟೆಲ್‌ನ ಗೊಂಬೆ 1982ರಲ್ಲಿ, ಫಿಲ್ಮೇಷನ್‌ನ ಕಾರ್ಟೂನು 1983ರಲ್ಲಿ. ಮೊದಮೊದಲು ಕಥೆ ಅಂತ ಇದ್ದದ್ದು ಡಬ್ಬಿಯೊಳಗೆ ಮಡಗಿದ ಕೈಯಗಲದ ಕಾಮಿಕ್ಸ್ ಮಾತ್ರ. ಅವನ ಹಸಿರು ಹುಲಿ ಇದೆಯಲ್ಲ, ಅದು ಬಿಗ್ ಜಿಮ್ ಎಂಬ ಹಳೇ ಆಟಿಕೆ ಸಾಲಿನ ಹುಲಿಯ ಅಚ್ಚನ್ನೇ ಮತ್ತೆ ಬಳಸಿ ಮಾಡಿದ್ದು. ಈ ಗೊಂಬೆಯ ಪಕ್ಕ ಅದು ತೀರಾ ದೊಡ್ಡದಾಯಿತು, ಹಾಗಾಗಿ ಜೀನು ಹಾಕಿ ವಾಹನ ಮಾಡಿದರು. ಕಾಸು ಉಳಿಸಲು ಹೋಗಿ ವಾಹನ ಹುಟ್ಟಿತು! ನನಗೆ ಇದಕ್ಕಿಂತ ಇಷ್ಟವಾದ ಪುರಾಣ ಇಲ್ಲ.

ಇನ್ನು ಇವೆಲ್ಲ ಪರದೇಶದವು, “ನಮ್ಮದು” ಬೇರೆ ಅನ್ನುವ ವಾದದ ವಿಷಯ. ನಾವೆಲ್ಲ ಮನದುಂಬಿ ನೆನೆಯುವ ಚಂದಮಾಮ ಮುದ್ರಣವಾಗುತ್ತಿದ್ದದ್ದು ಮದರಾಸಿನ ವಡಪಳನಿಯಲ್ಲಿ. ಬಾಲಮಂಗಳ ಕೇರಳದ ಕೋಟ್ಟಯಂನದು, ಅದರಲ್ಲಿ “ಡಿಂಗಾ, ಕಾಪಾಡು” ಅಂದಾಗ ಹಾರಿ ಬರುತ್ತಿದ್ದ ಇಲಿ ಹುಟ್ಟಾ ಮಲಯಾಳಿ. ಅಮರ ಚಿತ್ರಕಥೆ ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು, ಸರಿ. ಆದರೆ ಆ ಮಾಲೆಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಮತ್ತು ಅವು ರಾಮಾಯಣ ಮಹಾಭಾರತ ಅಲ್ಲ, ಸಿಂಡರೆಲಾ, ಪಿನೋಕಿಯೋ ಥರದ ಪರದೇಶದ ಕಥೆಗಳು. ಇಂಗ್ಲಿಷಿನ “ಕೃಷ್ಣ”ಕ್ಕೆ 11ನೇ ಸಂಖ್ಯೆ ಬಿದ್ದದ್ದು ಅದಕ್ಕೇ. ಎಲ್ಲವೂ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನೇತುಹಾಕಿ ಮಾರಿದ್ದೇ. ಅಷ್ಟಕ್ಕೂ ಪ್ರತಿ ವರ್ಷ ಮೆಟ್ಟಿಲ ಮೇಲೆ ನಾವು ಕೂರಿಸುವ ಶೆಟ್ಟಿ-ಶೆಟ್ಟಿತಿ ಏನು ಮಾಡುತ್ತಿದ್ದಾರೆ? ವ್ಯಾಪಾರ.

ತಾತನಿಗೂ ಹುಡುಗನಿಗೂ ರಾಜಿ ಮಾಡಿಸಲು ಒಂದು ಉಪಾಯ. ಈ ಸಲದ ರಾಜ್ಯೋತ್ಸವದಲ್ಲಿ ಊಟದ ಹಾಲ್‌ನ ಪಕ್ಕ ಒಂದು ಮೇಜು ಹಾಕುತ್ತೇವೆ. ದೊಡ್ಡವರು ಅಟ್ಟದಲ್ಲಿರುವ ಹಳೆಯ ಚಂದಮಾಮ, ಬಾಲಮಂಗಳ, ಅಮರ ಚಿತ್ರಕಥೆ ತನ್ನಿ. ಮಕ್ಕಳು ತಮ್ಮ ಯಾವ ಗೊಂಬೆಯನ್ನಾದರೂ ತರಬಹುದು, ಷರತ್ತು ಒಂದೇ: ಅದರ ಕಥೆಯನ್ನು ಎರಡು ನಿಮಿಷ ಕನ್ನಡದಲ್ಲಿ ಹೇಳಬೇಕು. ತಪ್ಪು ಕನ್ನಡವಾದರೂ ಅಡ್ಡಿಯಿಲ್ಲ, ಮಧ್ಯೆ ತಿದ್ದಲು ಯಾರೂ ಬಾಯಿ ಹಾಕಬೇಡಿ.

ಜಾಗ ಮುಗಿಯುತ್ತಿದೆ, ಉಳಿದದ್ದು ಬೇಗ ಬೇಗ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಅದೇ ಹಾಲ್, ಮೂರು ಗಂಟೆಗೆ ಅಂದರೆ ಮೂರಕ್ಕೇ. ನಾಟಕದ ತಾಲೀಮು ಭಾನುವಾರಗಳಂದು. ರಾಜನ ಪಾತ್ರಧಾರಿ ಬೇರೆ ಊರಿಗೆ ವರ್ಗವಾಗಿ ಹೋದರು, ಮೀಸೆ ಇರುವವರು ಸಂಪರ್ಕಿಸಿ. ಸದಸ್ಯತ್ವದ ಹಣ ಬಾಕಿ ಇರುವವರ ಹೆಸರು ಖಜಾಂಚಿಯವರು ಪ್ರಕಟಿಸಲು ಕೊಟ್ಟಿದ್ದರು, ನಾನು ಹಾಕಿಲ್ಲ, ಈ ತಿಂಗಳ ಮಟ್ಟಿಗೆ. ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ ಶಿಕ್ಷಕರಿಲ್ಲ.

ಮತ್ತೆ ಒಂದು ವಿಷಯ. ಈ ಪತ್ರಿಕೆಯ ಬರಹ ಕೂಡಿಸುವುದು, ಟೈಪು, ಪುಟವಿನ್ಯಾಸ, ಕರಡು ತಿದ್ದುವುದು ಈಗ ಒಬ್ಬನ ಕೆಲಸವಾಗಿದೆ, ಆ ಒಬ್ಬನಿಗೆ ಬೆಳಿಗ್ಗೆ ಆಫೀಸೂ ಇದೆ. ಕನ್ನಡ ಟೈಪು ಬರುವ ಇಬ್ಬರು ಸಿಕ್ಕರೆ ಯುಗಾದಿ ಸಂಚಿಕೆ ಬರುತ್ತದೆ. ಸಿಗದಿದ್ದರೆ ಬರುವುದು ಕಷ್ಟ, ತಮಾಷೆಗೆ ಹೇಳುತ್ತಿಲ್ಲ.

ತಿಂಡಿ ತರುವವರ ಪಟ್ಟಿಯಲ್ಲಿ ಇಲ್ಲಿಯವರೆಗೆ ಬರೀ ಚಿತ್ರಾನ್ನವೇ ಇದೆ. ಯಾರಾದರೂ ಬಿಸಿಬೇಳೆ ಭಾತ್ ಒಪ್ಪಿಕೊಳ್ಳಿ.