ಹೆಣಗಳ್ಳರ ಕಥೆ ಬರೆಯುವವರು ಕಾಯ್ದೆಯನ್ನೂ ಓದಲಿ

ಮಾನ್ಯ ಸಂಪಾದಕರೇ,

ಎರಡು ಶತಮಾನ ಹಿಂದಿನ ಬ್ರಿಟನ್ನಿನಲ್ಲಿ ನಡೆಯುವ ವೈದ್ಯಕೀಯ ಥ್ರಿಲ್ಲರ್‌ಗಳಲ್ಲಿ ಒಂದು ದೃಶ್ಯ ತಪ್ಪುವುದೇ ಇಲ್ಲ. ಹುಣ್ಣಿಮೆ ಬೆಳದಿಂಗಳು. ಇಬ್ಬರು ಗೋರಿಯನ್ನು ಉದ್ದಕ್ಕೂ ಅಗೆದು ಪೆಟ್ಟಿಗೆಯನ್ನೇ ಮೇಲೆತ್ತುತ್ತಾರೆ. ಫಾರ್ಮಾಲಿನ್ ಘಾಟು ಅಡರಿದ ನೆಲಮಾಳಿಗೆಯಲ್ಲಿ ಕೆದರಿದ ಕೂದಲಿನ ವೈದ್ಯನೊಬ್ಬ ಕಾಯುತ್ತಿರುತ್ತಾನೆ, ಅವನಿಗೆ ವಿಜ್ಞಾನದ ಹುಚ್ಚು. ಇದರಲ್ಲಿ ಬೆಳದಿಂಗಳು ತಪ್ಪು, ಅಗೆತ ತಪ್ಪು, ಫಾರ್ಮಾಲಿನ್ ತಪ್ಪು. ಹುಚ್ಚಂತೂ ಎಲ್ಲಕ್ಕಿಂತ ದೊಡ್ಡ ತಪ್ಪು. ಅಲ್ಲಿ ನಡೆದದ್ದು ವೈದ್ಯಕೀಯ ಶಾಲೆಗಳ ಶವಛೇದನ ಪಾಠಕ್ಕೆ ಹೆಣ ಮಾರುವ, ಲೆಕ್ಕ ಬರೆದಿಟ್ಟು ಮಾಡಿದ ವ್ಯಾಪಾರ. ಕೊನೆಗೆ ಅದೇ ಸರಕು ಬೇರೆ ಬಾಗಿಲಿನಿಂದ ಬರಲು ಪಾರ್ಲಿಮೆಂಟೇ ಕಾಯ್ದೆ ತಂದು ದಾರಿ ಮಾಡಿಕೊಟ್ಟಿತು. ಇಂಥ ಕಥೆ ಬರೆಯುವವರಿಗೆ, ಅನುವಾದಿಸುವವರಿಗೆ ಉಪಯೋಗವಾಗಲೆಂದು ಕೆಲವು ವಿವರಗಳನ್ನು ಕಳಿಸುತ್ತಿದ್ದೇವೆ.

ಲಂಡನ್ನಿನ ಹೆಣಗಳ್ಳನೊಬ್ಬ 1811–12ರಲ್ಲಿ ಬರೆದ ದಿನಚರಿ ಉಳಿದುಬಂದಿದೆ. ಯಾವ ರಾತ್ರಿ ಎಷ್ಟು ಸಿಕ್ಕವು, ಯಾವ ಆಸ್ಪತ್ರೆಗೆ ಎಷ್ಟು ಹೋದವು, ಕೂಟದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದೇ ಅದರ ತುಂಬ. ಬೆಳದಿಂಗಳಿದ್ದ ರಾತ್ರಿ ಇವರು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಕತ್ತಲಲ್ಲಿ ಹೋದಾಗಲೂ ಗೋರಿಯ ತಲೆಯ ಕಡೆ ಮಾತ್ರ ಬಾವಿಯಂಥ ಕಿರಿದಾದ ಗುಂಡಿ ತೋಡುತ್ತಿದ್ದರು. ಕಬ್ಬಿಣದ ಸಲಿಕೆ ಕಲ್ಲಿಗೆ ತಗುಲಿದರೆ ಠಣ್ಣೆನ್ನುತ್ತದೆ, ಹಾಗಾಗಿ ಮರದ ಸಲಿಕೆ. ಹುಲ್ಲಿನ ಮೇಲೆ ಹಸಿಮಣ್ಣು ಚೆಲ್ಲಿದರೆ ಬೆಳಿಗ್ಗೆ ಗುರುತು ಸಿಗುತ್ತದೆ, ಹಾಗಾಗಿ ತೆಗೆದ ಮಣ್ಣೆಲ್ಲ ಗೋಣಿತಟ್ಟಿನ ಮೇಲೆ. ಪೆಟ್ಟಿಗೆಯ ಮೇಲ್ತುದಿ ಕಂಡೊಡನೆ ಮುಚ್ಚಳದ ಅಂಚಿಗೆ ಕೊಕ್ಕೆ ಸಿಕ್ಕಿಸಿ ಹಗ್ಗದಿಂದ ಜಗ್ಗುವುದು. ಮುಚ್ಚಳದ ಉಳಿದ ಭಾಗದ ಮೇಲೆ ಮಣ್ಣಿನ ಭಾರ ಕೂತಿರುವುದರಿಂದ ಹಲಗೆ ಅಡ್ಡಕ್ಕೆ ಮುರಿಯುತ್ತದೆ. ಆ ಸದ್ದು ಅಡಗಲೆಂದು ಸುತ್ತ ಗೋಣಿ ತುರುಕಿರುತ್ತಾರೆ. ಆಮೇಲೆ ಹಗ್ಗ ಹಾಕಿ ಹೆಣವನ್ನು ಎಳೆದುಕೊಂಡು, ಮಣ್ಣು ಮುಚ್ಚಿ, ಮೇಲಿನ ಗುರುತುಗಳನ್ನು ಇದ್ದ ಹಾಗೇ ಇಟ್ಟು ಹೊರಡುವುದು. ಕಳವಾದರೆ ತಿಳಿಯಲೆಂದು ಸತ್ತವರ ಮನೆಯವರು ಗೋರಿಯ ಮೇಲೆ ಕಲ್ಲು, ಚಿಪ್ಪು, ಕಡ್ಡಿಗಳನ್ನು ಒಂದು ಲೆಕ್ಕದಲ್ಲಿ ಜೋಡಿಸಿರುತ್ತಿದ್ದರು. ಪಳಗಿದ ಕಳ್ಳ ಮೊದಲು ಅದನ್ನೇ ನೆನಪಿಟ್ಟುಕೊಳ್ಳುತ್ತಿದ್ದ.

ಹೊರಡುವ ಮುನ್ನ ಇನ್ನೊಂದು ಕೆಲಸ ಉಂಟು. ಹೆಣಕ್ಕೆ ಹೊದಿಸಿದ್ದ ಬಟ್ಟೆಯನ್ನು ಬಿಚ್ಚಿ ಪೆಟ್ಟಿಗೆಗೇ ವಾಪಸು ಹಾಕುವುದು. ಕಥೆಗಾರರು ಇದನ್ನು ಬರೆದರೂ ಬೀಭತ್ಸಕ್ಕಾಗಿ ಬರೆಯುತ್ತಾರೆ, ಆದರೆ ಕಾರಣ ಕಾನೂನಿನಲ್ಲಿದೆ. ಇಂಗ್ಲೆಂಡಿನ ಕಾನೂನಿನಂತೆ ಹೆಣ ಯಾರ ಸ್ವತ್ತೂ ಅಲ್ಲ. ಸ್ವತ್ತಲ್ಲದ್ದನ್ನು ಒಯ್ದರೆ ಕಳ್ಳತನವೂ ಅಲ್ಲ. 1788ರ ಒಂದು ತೀರ್ಪು ಛೇದನಕ್ಕಾಗಿ ಹೆಣ ತೆಗೆಯುವುದು ಸಭ್ಯತೆಗೆ ವಿರುದ್ಧವಾದ ಅಪರಾಧ ಎಂದಿತಾದರೂ ಅದಕ್ಕೆ ದಂಡ ಇಲ್ಲವೇ ಕೆಲವು ತಿಂಗಳ ಸೆರೆವಾಸವೇ ಶಿಕ್ಷೆ. ಬಟ್ಟೆ ಹಾಗಲ್ಲ, ಅದಕ್ಕೆ ಒಡೆಯರಿದ್ದಾರೆ. ಅದನ್ನು ಒಯ್ದವನು ಘೋರ ಅಪರಾಧದ ಆರೋಪ ಹೊರಬೇಕಾಗುತ್ತಿತ್ತು. ಮನುಷ್ಯನಿಗಿಂತ ಅವನ ಮೇಲಿನ ಬಟ್ಟೆಗೆ ಹೆಚ್ಚು ರಕ್ಷಣೆ! ಸ್ಕಾಟ್ಲೆಂಡಿನಲ್ಲಿ ಮಾತ್ರ ಗೋರಿ ಕೆಡಿಸುವುದೇ ಪ್ರತ್ಯೇಕ ಅಪರಾಧ. ಎಡಿನ್‌ಬರೋದಲ್ಲಿ ನಡೆಯುವ ಕಥೆಗೆ ಲಂಡನ್ನಿನ ಕಾನೂನು ಅಂಟಿಸುವುದು ಮತ್ತೆ ಮತ್ತೆ ಕಾಣುವ ಎಡವಟ್ಟು.

ಹೆಣ ತಾಜಾ ಇರಬೇಕೆಂಬ ಹಟ ಯಾಕಿತ್ತು ಎಂಬುದು ತಿಳಿದರೆ ಕಥೆಯ ಅರ್ಧ ತಿಳಿದಂತೆ. ಫಾರ್ಮಾಲಿನ್ ಅಂಗಾಂಶವನ್ನು ಗಟ್ಟಿಗೊಳಿಸಿ ಕಾಪಾಡುತ್ತದೆಂದು ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಕಂಡುಕೊಂಡದ್ದು 1893ರಲ್ಲಿ. ಅದಕ್ಕೂ 65 ವರ್ಷ ಹಿಂದಿನ ಮೇಜಿನ ಮೇಲೆ ಅದು ಬರಲು ಸಾಧ್ಯವೇ ಇಲ್ಲ. ಗಾಜಿನ ಭರಣಿಗಳಲ್ಲಿ ಇದ್ದದ್ದು ಮದ್ಯಸಾರ, ಕೋಣೆಯಲ್ಲಿ ಇದ್ದದ್ದು ಕೊಳೆತ ನಾತ. ಹಾಗಾಗಿಯೇ ಪಾಠಗಳು ಅಕ್ಟೋಬರ್‌ನಿಂದ ವಸಂತದವರೆಗಿನ ಚಳಿಗಾಲದಲ್ಲಿ. ಹೊಟ್ಟೆ ಮೊದಲು ಕೊಳೆಯುವುದರಿಂದ ಛೇದನ ಅಲ್ಲಿಂದಲೇ ಶುರು, ಆಮೇಲೆ ಎದೆ ಮತ್ತು ತಲೆ, ಕೈಕಾಲು ಕೊನೆಗೆ. ರಕ್ತನಾಳ ತೋರಿಸಬೇಕಾದರೆ ಮೇಣ, ರಾಳ, ಟರ್ಪೆಂಟೈನ್ ಕರಗಿಸಿ ಇಂಗಳೀಕದ ಕೆಂಪು ಬೆರೆಸಿ, ದೊಡ್ಡ ಧಮನಿಗೆ ಕಟ್ಟಿದ ಕೊಳವೆಯ ಮೂಲಕ ಪಿಚಕಾರಿಯಿಂದ ಒತ್ತಬೇಕು. ಹೆಣವನ್ನು ಮೊದಲೇ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಇಟ್ಟು ಒಳಗಿನವರೆಗೂ ಬೆಚ್ಚಗಾಗಿಸದಿದ್ದರೆ ಮೇಣ ನಡುದಾರಿಯಲ್ಲೇ ಹೆಪ್ಪುಗಟ್ಟಿ ಸಣ್ಣ ನಾಳಗಳಿಗೆ ಇಳಿಯುವುದಿಲ್ಲ. ಅವಸರದಿಂದ ಜೋರಾಗಿ ಒತ್ತಿದರೆ ನಾಳ ಒಡೆದು ಮೇಣವೆಲ್ಲ ಸುತ್ತಲಿನ ಮಾಂಸಕ್ಕೆ ಹರಿಯುತ್ತದೆ. ಕೊಳೆಯಲು ತೊಡಗಿದ ಹೆಣದಲ್ಲಂತೂ ನಾಳದ ಗೋಡೆಯೇ ತಡೆಯುವುದಿಲ್ಲ. ಒಂದು ದಿನ ತಡವಾದ ಹೆಣಕ್ಕೆ ಬೆಲೆ ಇಳಿಯುತ್ತಿದ್ದದ್ದು ಇದಕ್ಕೇ. ಕೈಗವಸು ಇರಲಿಲ್ಲ. ಚಾಕು ಜಾರಿ ಬೆರಳಿಗೆ ಗೀರಿದರೆ ನಂಜೇರಿ ಕೆಲವೇ ದಿನಗಳಲ್ಲಿ ವಿದ್ಯಾರ್ಥಿಯೇ ಸಾಯಬಹುದಿತ್ತು.

ಇಷ್ಟಾದರೂ ಮೇಜಿನ ಸುತ್ತ ನೂಕುನುಗ್ಗಲು. ಅರಿವಳಿಕೆಯಾಗಿ ಈಥರ್ ಬಂದದ್ದು 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ. ಅಲ್ಲಿಯವರೆಗೆ ಎಚ್ಚರದಲ್ಲಿರುವ ರೋಗಿಯ ಕಾಲನ್ನು ನಿಮಿಷಗಳಲ್ಲಿ ಕತ್ತರಿಸಬೇಕಿದ್ದ ಸರ್ಜನ್ ಯಾವ ಧಮನಿ ಎಲ್ಲಿ ಹಾಯುತ್ತದೆಂದು ಹುಡುಕುತ್ತ ಕೂರುವಂತಿರಲಿಲ್ಲ, ಅವನ ಬೆರಳಿಗೆ ಅದು ಗೊತ್ತಿರಬೇಕಿತ್ತು. 1815ರ ಅಪೋಥೆಕರಿ (ಔಷಧಿ ಕೊಡುವ ವೈದ್ಯರ) ಕಾಯ್ದೆಯ ನಂತರ ಸಾಮಾನ್ಯ ವೈದ್ಯನಾಗುವವನಿಗೂ ಅನಾಟಮಿ (ಅಂಗರಚನಾಶಾಸ್ತ್ರ) ತರಗತಿ ಕಡ್ಡಾಯವಾಯಿತು. ಕಾನೂನುಬದ್ಧವಾಗಿ ಸಿಗುತ್ತಿದ್ದದ್ದು 1752ರ ಕಾಯ್ದೆಯಂತೆ ಗಲ್ಲಿಗೇರಿದ ಕೊಲೆಗಾರರ ಹೆಣ ಮಾತ್ರ. ಲಂಡನ್ನಿನ ಶಾಲೆಗಳಲ್ಲಿ 1826ರಲ್ಲಿ 701 ವಿದ್ಯಾರ್ಥಿಗಳು 592 ಹೆಣ ಛೇದಿಸಿದರೆಂದು ಪಾರ್ಲಿಮೆಂಟಿನ ಸಮಿತಿಯ ಮುಂದೆ ಲೆಕ್ಕ ಬಂತು. ಅಷ್ಟು ಕೊಲೆಗಾರರು ಎಲ್ಲಿಂದ ಬರಬೇಕು? ಅದೇ 1826ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಸ್ಕಾಟ್ಲೆಂಡಿಗೆ ಹೊರಟಿದ್ದ ಮೂರು ಪೀಪಾಯಿಗಳಿಂದ ದುರ್ನಾತ ಬಂತು. ಮೇಲೆ ‘ಕಹಿ ಉಪ್ಪು’ ಎಂಬ ಚೀಟಿ, ಒಳಗೆ 11 ಹೆಣ. ಅವು ಬಂದ ನೆಲಮಾಳಿಗೆಯನ್ನು ಶೋಧಿಸಿದಾಗ ಇನ್ನೂ 22 ಸಿಕ್ಕವು. ಮೇಲಿನ ಅಂತಸ್ತಿನಲ್ಲಿ ಶಾಲೆ ನಡೆಯುತ್ತಿತ್ತು.

ವೈದ್ಯನ ಹುಚ್ಚಿನ ಮಾತಿಗೆ ಬರೋಣ. ಎಡಿನ್‌ಬರೋ ವಿಶ್ವವಿದ್ಯಾಲಯದ ಅನಾಟಮಿ ಪೀಠ 1720ರಿಂದ 1846ರವರೆಗೆ ಅಜ್ಜ, ಮಗ, ಮೊಮ್ಮಗ ಎಂದು ಅಲೆಕ್ಸಾಂಡರ್ ಮನ್ರೋ ಎಂಬ ಒಂದೇ ಹೆಸರಿನ ಮೂವರ ಕೈಯಲ್ಲಿತ್ತು. ಮೂರನೆಯವನ ಪಾಠ ಕೇಳಲು ಆಗುವುದಿಲ್ಲವೆಂದು ವಿದ್ಯಾರ್ಥಿಗಳು ಹೊರಗಿನ ಖಾಸಗಿ ಶಾಲೆಗಳಿಗೆ ಹೋಗುತ್ತಿದ್ದರು. ಸರ್ಜನ್ಸ್ ಸ್ಕ್ವೇರ್‌ನ 10ನೇ ನಂಬರಿನಲ್ಲಿದ್ದ ರಾಬರ್ಟ್ ನಾಕ್ಸ್‌ನ ತರಗತಿಗೆ ಸುಮಾರು 500 ಜನ. ಸೇನೆಯಲ್ಲಿ ಸರ್ಜನ್ ಆಗಿದ್ದವನು, ಸಿಡುಬಿನಿಂದ ಒಂದು ಕಣ್ಣು ಹೋದವನು, ಅದ್ಭುತ ಮಾತುಗಾರ. ಪೀಠವಿಲ್ಲದ ಅಧ್ಯಾಪಕನ ಹೊಟ್ಟೆಪಾಡು ವಿದ್ಯಾರ್ಥಿ ಕೊಡುವ ಶುಲ್ಕದಿಂದ. ವಿದ್ಯಾರ್ಥಿ ಬರುವುದು ಹೆಣ ಇರುವ ಕಡೆಗೆ. ಹಾಗಾಗಿ ಹೆಣದ ಖರ್ಚು ಅವನ ಪಾಲಿಗೆ ಬಂಡವಾಳ. ಇಷ್ಟು ಹೇಳಿದರೆ ನಾಕ್ಸ್ ಅರ್ಥವಾಗುತ್ತಾನೆ, ಹುಚ್ಚು ಬೇಡ. ಅವನನ್ನು ವಿಜ್ಞಾನದ ಹುತಾತ್ಮನನ್ನಾಗಿ ಮಾಡುವುದೂ ಬೇಡ. 1850ರಲ್ಲಿ ಜನಾಂಗಗಳನ್ನು ಮೇಲು ಕೀಳೆಂದು ವಿಂಗಡಿಸುವ ಪುಸ್ತಕ ಬರೆದವನೂ ಅವನೇ.

ಅವನಿಗೆ ಸರಕು ತಂದ ವಿಲಿಯಂ ಬರ್ಕ್ ಮತ್ತು ವಿಲಿಯಂ ಹೇರ್ ಗೋರಿ ಅಗೆದವರೇ ಅಲ್ಲ. ಇದನ್ನು ತಪ್ಪಾಗಿ ಬರೆಯದ ಥ್ರಿಲ್ಲರ್ ಅಪರೂಪ. 1827ರ ನವೆಂಬರ್‌ನಲ್ಲಿ ಹೇರ್‌ನ ವಸತಿಗೃಹದಲ್ಲಿ ಡೊನಾಲ್ಡ್ ಎಂಬ ಮುದುಕ ಕಾಯಿಲೆಯಿಂದ ಸತ್ತ, 4 ಪೌಂಡ್ ಬಾಡಿಗೆ ಬಾಕಿ ಇಟ್ಟು. ಪೆಟ್ಟಿಗೆಗೆ ಚರ್ಮ ಹದಮಾಡುವ ಮರದ ತೊಗಟೆ ತುಂಬಿ ಹೂಳಲು ಕಳಿಸಿದರು, ಹೆಣವನ್ನು 7 ಪೌಂಡ್ 10 ಷಿಲಿಂಗ್‌ಗೆ ಮಾರಿದರು. ಬಾಕಿ ಕಳೆದು ಮೂರೂವರೆ ಪೌಂಡ್ ಲಾಭ. ಮುಂದಿನ ವರ್ಷ ಹದಿನಾರು ಕೊಲೆ. ಚಳಿಗಾಲದಲ್ಲಿ 10 ಪೌಂಡ್, ಬೇಸಿಗೆಯಲ್ಲಿ 8. ಸತ್ತವರಲ್ಲಿ ಹೆಚ್ಚಿನವರು ಬಾಡಿಗೆಗೆ ಹಾಸಿಗೆ ಪಡೆದವರು, ಭಿಕ್ಷೆಯವರು, ಕೇಳುವವರಿಲ್ಲದವರು. ಎದೆಯ ಮೇಲೆ ಕೂತು ಬಾಯಿ ಮೂಗು ಒತ್ತಿ ಹಿಡಿದರೆ ಮೈಮೇಲೆ ಗಾಯ ಉಳಿಯುವುದಿಲ್ಲ. ಕೊನೆಯ ಹೆಣವನ್ನು ಪರೀಕ್ಷಿಸಿದ ವೈದ್ಯ ರಾಬರ್ಟ್ ಕ್ರಿಸ್ಟಿಸನ್‌ಗೂ ಅದು ಕೊಲೆಯೇ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಸಾಕ್ಷ್ಯ ಸಾಲದೆ ಹೇರ್‌ಗೆ ಕ್ಷಮೆ ಕೊಟ್ಟು ಬರ್ಕ್‌ನ ವಿರುದ್ಧ ಸಾಕ್ಷಿ ಹೇಳಿಸಬೇಕಾಯಿತು. ಬರ್ಕ್ 1829ರ ಜನವರಿ 28ರಂದು ಗಲ್ಲಿಗೇರಿದ. ಛೇದನ ಮಾಡಿದ್ದು ಮೂರನೆಯ ಮನ್ರೋ. ಆ ಅಸ್ಥಿಪಂಜರ ಈಗಲೂ ಎಡಿನ್‌ಬರೋದಲ್ಲಿದೆ. ನಾಕ್ಸ್‌ನ ಮೇಲೆ ಮೊಕದ್ದಮೆಯೇ ಹೂಡಲಿಲ್ಲ. ಇವರನ್ನು ಹಿಡಿದುಕೊಟ್ಟವರು ಯಾರು? ಹದಿನೇಳು ಹೆಣ ಕೊಂಡ ಕಡೆಯವರಲ್ಲ. ಹುಲ್ಲಿನಡಿ ಹೆಣ ಕಂಡು, ಬಾಯಿ ಮುಚ್ಚಿಕೊಂಡಿದ್ದರೆ ವಾರಕ್ಕೆ 10 ಪೌಂಡ್ ಬಂದೀತೆಂಬ ಆಮಿಷವನ್ನೂ ಒದ್ದು ಪೊಲೀಸರಿಗೆ ತಿಳಿಸಿದ ಒಬ್ಬ ಬಡ ದಂಪತಿ. ಅವರನ್ನು ನಾಯಕರನ್ನಾಗಿ ಮಾಡಿ ಯಾರಾದರೂ ಬರೆಯಬಾರದೇ?

ಕೊಳ್ಳುವವನು ಕಣ್ಣು ತೆರೆದು ನೋಡಿದರೆ ಏನಾಗುತ್ತದೆ ಎಂಬುದಕ್ಕೆ 1831ರ ಲಂಡನ್ ಇದೆ. ಬಿಷಪ್, ವಿಲಿಯಮ್ಸ್ ಎಂಬಿಬ್ಬರು ರಮ್ಮಿಗೆ ಅಫೀಮಿನ ದ್ರಾವಣ ಬೆರೆಸಿ ಕುಡಿಸಿ, ಬಾವಿಯಲ್ಲಿ ತಲೆಕೆಳಗಾಗಿ ಇಳಿಬಿಟ್ಟು ಹುಡುಗನೊಬ್ಬನನ್ನು ಕೊಂದರು. ಹಲ್ಲು ಕಿತ್ತು ದಂತವೈದ್ಯನಿಗೆ 12 ಷಿಲಿಂಗ್‌ಗೆ ಮೊದಲೇ ಮಾರಿದ್ದರು. ಕಿಂಗ್ಸ್ ಕಾಲೇಜಿನಲ್ಲಿ 12 ಗಿನಿಯಿಂದ (ಗಿನಿ ಎಂದರೆ ಒಂದು ಪೌಂಡ್ ಒಂದು ಷಿಲಿಂಗ್) 9ಕ್ಕೆ ಚೌಕಾಸಿ ಇಳಿಯಿತು. ಹೆಣ ಹೂಳಿದ್ದಲ್ಲ ಎಂಬ ಅನುಮಾನ ಬಂದ ಅಲ್ಲಿನ ಅನಾಟಮಿ ಬೋಧಕ ರಿಚರ್ಡ್ ಪಾರ್ಟ್ರಿಜ್ 50 ಪೌಂಡಿನ ನೋಟು ತೋರಿಸಿ, ಚಿಲ್ಲರೆ ತರಿಸುತ್ತೇನೆಂದು ಕೂರಿಸಿ ಪೊಲೀಸರನ್ನು ಕರೆಸಿದ. ಇಷ್ಟೇ ಬೇಕಾಗಿದ್ದದ್ದು.

ಇಲ್ಲಿಗೆ ಥ್ರಿಲ್ಲರ್‌ಗಳು ಮುಗಿಯುತ್ತವೆ, ನಮ್ಮ ತಕರಾರು ಶುರುವಾಗುತ್ತದೆ. 1832ರ ಅನಾಟಮಿ ಕಾಯ್ದೆ ಎಲ್ಲವನ್ನೂ ಸರಿಪಡಿಸಿತೆಂದು ಕೊನೆಯ ಪುಟದಲ್ಲಿ ಒಂದು ಸಾಲು ಬರುತ್ತದೆ. ಕಾಯ್ದೆ ಮಾಡಿದ್ದೇನು? ಹೆಣವನ್ನು ‘ಕಾನೂನುಬದ್ಧವಾಗಿ ಸ್ವಾಧೀನದಲ್ಲಿ ಇಟ್ಟುಕೊಂಡವರು’ ಅದನ್ನು ಛೇದನಕ್ಕೆ ಕೊಡಬಹುದು ಎಂದಿತು. ವರ್ಕ್‌ಹೌಸಿನಲ್ಲಿ (ಗತಿಯಿಲ್ಲದವರನ್ನು ಇಟ್ಟು ದುಡಿಸಿಕೊಳ್ಳುತ್ತಿದ್ದ ಆಶ್ರಯಕೇಂದ್ರ) ಬಡವ ಸತ್ತರೆ ಸ್ವಾಧೀನ ಯಾರದ್ದು? ಅದನ್ನು ನಡೆಸುವವರದ್ದು. ಹೆಣವನ್ನು 48 ಗಂಟೆ ಸಾಗಿಸುವಂತಿಲ್ಲ, ಅನಾಟಮಿ ಶಾಲೆಗಳ ಇನ್‌ಸ್ಪೆಕ್ಟರಿಗೆ ತಿಳಿಸಿ 24 ಗಂಟೆ ಕಾಯಬೇಕು, ಸಾವಿನ ಕಾರಣದ ಪ್ರಮಾಣಪತ್ರ ಬೇಕು, ಛೇದನದ ನಂತರ ಹೂಳಿದ್ದಕ್ಕೆ ಆರು ವಾರದೊಳಗೆ ಪತ್ರ ಕೊಡಬೇಕು. ಬೇಡ ಎನ್ನುವ ಹಕ್ಕೂ ಇತ್ತು. ಬದುಕಿರುವಾಗ ಬರೆದಿಡಬೇಕು, ಇಲ್ಲವೇ ಕೊನೆಯ ಕಾಯಿಲೆಯಲ್ಲಿ ಇಬ್ಬರು ಸಾಕ್ಷಿಗಳೆದುರು ಬಾಯಿಬಿಟ್ಟು ಹೇಳಬೇಕು, ಅದೂ ಇಲ್ಲವಾದರೆ ನೆಂಟರು ಬಂದು ತಡೆಯಬೇಕು. ಅದೇ ಕಾಯ್ದೆ ಕೊಲೆಗಾರರ ಹೆಣ ಛೇದಿಸುವ ಶಿಕ್ಷೆಯನ್ನು ತೆಗೆದುಹಾಕಿತು. ಎಂಬತ್ತು ವರ್ಷ ನೇಣಿಗಿಂತ ಘೋರವೆಂದು ಜನ ನಡುಗುತ್ತಿದ್ದ ಶಿಕ್ಷೆ ಹೀಗೆ ಕೊಲೆಗಾರನ ಮೈಯಿಂದ ಇಳಿದು ಬಡವನ ಮೈಮೇಲೆ ಬಂತು.

ತತ್ವಜ್ಞಾನಿ ಜೆರೆಮಿ ಬೆಂಥಮ್ ತನ್ನ ದೇಹವನ್ನು ತಾನೇ ಛೇದನಕ್ಕೆ ಬರೆದುಕೊಟ್ಟ. ಅದು 1832ರ ಜೂನ್‌ನಲ್ಲಿ ನಡೆಯಿತು. ಮಾತು ಉಳಿಸಿಕೊಳ್ಳಲು ಅವನಿಗೆ ವಿಲ್ ಇತ್ತು, ಗೆಳೆಯರಿದ್ದರು. ಐರಿಷ್ ದೈತ್ಯನೆಂದು ಹೆಸರಾದ ಚಾರ್ಲ್ಸ್ ಬರ್ನ್ ತನ್ನನ್ನು ಸಮುದ್ರಕ್ಕೆ ಹಾಕಿ ಎಂದು ಗೆಳೆಯರಲ್ಲಿ ಬೇಡಿಕೊಂಡು 1783ರಲ್ಲಿ, 22ನೇ ವಯಸ್ಸಿಗೆ ಸತ್ತ. ಸರ್ಜನ್ ಜಾನ್ ಹಂಟರ್ ಲಂಚ ಕೊಟ್ಟು ಹೆಣ ತರಿಸಿ ಅಸ್ಥಿಪಂಜರ ಮಾಡಿದ. 2023ರಲ್ಲಿ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಮತ್ತೆ ತೆರೆದಾಗ ಅದನ್ನು ಪ್ರದರ್ಶನದಿಂದ ತೆಗೆದರು. ಸಮುದ್ರಕ್ಕಂತೂ ಹಾಕಲಿಲ್ಲ.

ಅನುವಾದಕರಿಗೆ ಒಂದು ಮಾತು: ಶವಛೇದನ ಬೇರೆ, ಮರಣೋತ್ತರ ಪರೀಕ್ಷೆ ಬೇರೆ. ಎರಡನೆಯದು ಸಾವಿನ ಕಾರಣ ಹುಡುಕುವುದು, ಕೆಲವು ಗಂಟೆಗಳಲ್ಲಿ ಮುಗಿದು ದೇಹ ಮನೆಗೆ ಹೋಗುತ್ತದೆ. ಮೊದಲನೆಯದರಲ್ಲಿ ದಿನಗಟ್ಟಲೆ ಬಿಡಿಸಿದ ಮೇಲೆ ಮನೆಗೆ ಒಯ್ಯಲು ಏನೂ ಉಳಿಯುವುದಿಲ್ಲ. ಒಂದರ ಬದಲು ಇನ್ನೊಂದು ಪದ ಹಾಕಿದರೆ ಆ ಜನರ ಭಯವೇ ಓದುಗರಿಗೆ ಮುಟ್ಟುವುದಿಲ್ಲ.

ಇಷ್ಟಕ್ಕೂ ಈ ಕಥೆಗೆ ಸ್ಮಶಾನ ಯಾಕೆ ಬೇಕು? 1830ರ ದಶಕದ ಒಂದು ವರ್ಕ್‌ಹೌಸಿನ ಕಚೇರಿ ಸಾಕು. ಮೇಜಿನ ಮೇಲೆ ಇನ್‌ಸ್ಪೆಕ್ಟರಿಗೆ ಬರೆದ ಚೀಟಿ, ಗೋಡೆಯ ಮೇಲೆ ಗಡಿಯಾರ, ಬಾಗಿಲಲ್ಲಿ ಅನಾಟಮಿ ಶಾಲೆಯ ಗಾಡಿ. ತಾಯಿ ಸತ್ತ ಸುದ್ದಿ ತಡವಾಗಿ ಮುಟ್ಟಿದ ಮಗಳು ದೂರದ ಊರಿನಿಂದ ನಡೆದು ಬರುತ್ತಿದ್ದಾಳೆ. ಗಡಿಯಾರದಲ್ಲಿ ನಲವತ್ತೇಳನೆಯ ಗಂಟೆ.

ಇಂತಿ,
ಅಂಗರಚನಾಶಾಸ್ತ್ರದ ಇಬ್ಬರು ನಿವೃತ್ತ ಬೋಧಕರು